ತಾಳ್ಯದ ಕಲ್ಲಿಗೆ ಚಿಪ್ಪಿನ ಸಾಕ್ಷಿ ಇಲ್ಲ

ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಬಂಡೆಗಳ ಬಗ್ಗೆ ಹಿಂದೊಮ್ಮೆ ಸಣ್ಣ ಸುದ್ದಿ ಬರೆದಿದ್ದೆ. ಅಲ್ಲಿ 270 ಕೋಟಿ ವರ್ಷಗಳ ಹಿಂದೆ ಹಿಮ ಇತ್ತು, ಚಿಪ್ಪಿನ ಪಳೆಯುಳಿಕೆಗಳಿಂದ ಇದು ಗೊತ್ತಾಗಿದೆ ಅಂತ. ಮರುದಿನ ನಿಟ್ಟುವಳ್ಳಿಯ ನಮ್ಮ ಮನೆಗೆ ಪೇಪರ್ ಬರುವ ಮೊದಲೇ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. "ಏನ್ರೀ ವರದಿಗಾರ್ರೆ, ಆ ಕಾಲದಾಗ ಚಿಪ್ಪು ಎಲ್ಲಿಂದ ಬಂತ್ರೀ?"

ಉತ್ತರ ಇರಲಿಲ್ಲ. ಗಟ್ಟಿ ಚಿಪ್ಪಿನ ಜೀವಿಗಳು ಹುಟ್ಟಿದ್ದೇ ಸುಮಾರು 55 ಕೋಟಿ ವರ್ಷಗಳಿಂದ ಈಚೆಗೆ. ಅಂಟಾರ್ಕ್ಟಿಕಾ ಬಗ್ಗೆ ಓದಿದ್ದನ್ನು ನಾನೇ ತಾಳ್ಯಕ್ಕೆ ಅಂಟಿಸಿದ್ದೆ. ಅದನ್ನು ಇಲ್ಲಿ ತಿದ್ದಬೇಕು. ಜೊತೆಗೆ ಇನ್ನೊಂದು ಮಾತೂ ಇದೆ.

ಚಿಪ್ಪಿನ ಲೆಕ್ಕ ಹೀಗೆ. ಕಲ್ಲಿನೊಳಗಿನ ರುಬಿಡಿಯಂ ನಿಧಾನವಾಗಿ ಸ್ಟ್ರಾಂಷಿಯಂ-87 ಆಗುತ್ತದೆ. ಮಳೆ, ಹೊಳೆ ಅದನ್ನು ಸಮುದ್ರಕ್ಕೆ ಒಯ್ಯುತ್ತವೆ. ಸಮುದ್ರ ಚೆನ್ನಾಗಿ ಕಲಕಿದ ಸಾರಿನ ಹಾಗೆ. ಒಂದು ಕಾಲದಲ್ಲಿ ಎಲ್ಲಿ ಮೊಗೆದರೂ ಸ್ಟ್ರಾಂಷಿಯಂ-87 ಮತ್ತು 86ರ ಅನುಪಾತ ಒಂದೇ. ಇವತ್ತು ಅದು 0.7092ರ ಹತ್ತಿರ. ಸುಮಾರು 4 ಕೋಟಿ ವರ್ಷಗಳಿಂದ ಈ ಅಂಕಿ ಮೇಲೇರುತ್ತಾ ಬಂದಿದೆ. ಸಮುದ್ರದ ಚಿಪ್ಪು ಬೆಳೆಯುವಾಗ ಆ ಕಾಲದ ಅನುಪಾತವನ್ನೇ ಮೈಗೂಡಿಸಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಅಳೆದು ಏರಿಕೆಯ ಗೆರೆಗೆ ಹೋಲಿಸಿದರೆ ವಯಸ್ಸು ಸಿಗುತ್ತದೆ.

ಅಂಟಾರ್ಕ್ಟಿಕಾದ ಕೇಪ್ ರಾಬರ್ಟ್ಸ್ ಬಳಿ 1997ರಿಂದ 1999ರವರೆಗೆ ಸಮುದ್ರತಳ ಕೊರೆದು ತೆಗೆದ ಕೆಸರಿನ ಪದರಗಳಿಗೆ ಹೀಗೆ ವಯಸ್ಸು ಹಚ್ಚಿದರು. ಆದರೆ ಹಿಮನದಿ ಬುಲ್ಡೋಜರ್ ಇದ್ದಂತೆ, ಹಳೆಯದನ್ನೆಲ್ಲ ಕೆರೆದು ಹೊಸದರೊಳಗೆ ಬೆರೆಸುತ್ತದೆ. ಒಡೆದ ಚಿಪ್ಪಿನ ಚೂರು ಸಿಕ್ಕರೆ ಅದು ಹಿಮದ ಕಾಲದ್ದೋ, ಹಿಮ ಎಲ್ಲಿಂದಲೋ ಎಳೆದು ತಂದದ್ದೋ ಹೇಳುವುದು ಕಷ್ಟ. ಎರಡೂ ಹೋಳು ಕೂಡಿಕೊಂಡು, ಬದುಕಿದ್ದ ಜಾಗದಲ್ಲೇ ಹೂತಿದ್ದರೆ ನಂಬಬಹುದು. ಆಮೇಲೆ ಇಳಿದ ನೀರು ಚಿಪ್ಪನ್ನು ಕೆಡಿಸಿದೆಯೇ ಅಂತಲೂ ನೋಡಬೇಕು. ಅಂದರೆ ಯಂತ್ರ ಎಷ್ಟೇ ದೊಡ್ಡದಿರಲಿ, ಚಿಪ್ಪು ಇದ್ದ ಜಾಗ ಗೊತ್ತಿಲ್ಲದಿದ್ದರೆ ಅಂಕಿಗೆ ಬೆಲೆ ಇಲ್ಲ.

ತಾಳ್ಯದ್ದೂ ಜಾಗದ ಕಥೆಯೇ. ಅಲ್ಲಿನ ಬಂಡೆಯಲ್ಲಿ ನುಣ್ಣನೆಯ ಹೂಳಿನ ನಡುವೆ ಬೇರೆ ಬೇರೆ ಜಾತಿಯ ಗುಂಡುಕಲ್ಲುಗಳಿವೆ. ತೇಲುವ ಹಿಮಗಡ್ಡೆ ಕರಗಿದಾಗ ಅದರೊಳಗಿನ ಕಲ್ಲು ಸಮುದ್ರತಳದ ಕೆಸರಿಗೆ ಬಿದ್ದು ಹೂತುಹೋಗುತ್ತದೆ. ಇವು ಅಂಥವೇ ಎಂದು ಒಜಕಾಂಗಸ್, ಆರ್. ಶ್ರೀನಿವಾಸನ್ ಮತ್ತು ಸಂಗಡಿಗರು 2014ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ವಾದಿಸಿದರು. ವಾದ ಎಂದೇ ಬರೆಯಬೇಕಿತ್ತು, ನಾನು ದೃಢ ಎಂಬಂತೆ ಬರೆದೆ. ವಯಸ್ಸಿನ ಅಂದಾಜು ಬರುವುದು ಚಿಪ್ಪಿನಿಂದಲ್ಲ, ಇದೇ ಶಿಲಾಪಟ್ಟಿಯ ಜ್ವಾಲಾಮುಖಿ ಕಲ್ಲುಗಳಲ್ಲಿನ ಜಿರ್ಕಾನ್ ಹರಳುಗಳಿಂದ; ಅವುಗಳೊಳಗಿನ ಯುರೇನಿಯಂ ಎಷ್ಟು ಸೀಸವಾಗಿದೆ ಎಂಬ ಲೆಕ್ಕದಿಂದ.

ಗುಂಡುಕಲ್ಲನ್ನು ಕಿತ್ತು ಮನೆಗೆ ತಂದರೆ ಅದು ಬರೀ ಕಲ್ಲು. ಬಿದ್ದ ಕೆಸರಿನ ಪದರದೊಳಗೇ ಕೂತಿದ್ದರೆ ಮಾತ್ರ ಸಾಕ್ಷಿ. ಅದೇ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಬಂಡೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ತಾಳ್ಯಕ್ಕೂ ಆ ಬೋರ್ಡು, ಬೇಲಿ ಬೇಕು ಅನ್ನುವುದು ನನ್ನ ಒತ್ತಾಯ. ಅಲ್ಲಿಗೆ ಕ್ರಷರ್ ಬಂದಿದೆ ಅನ್ನುತ್ತಿಲ್ಲ. ಬಂದ ಮೇಲೆ ಬರೆದರೆ ನಮಗೊಂದು ಬೈಲೈನ್ ಸಿಕ್ಕೀತು, ಅಷ್ಟೇ. ಹಿಮದ ವಾದ ಸರಿಯೋ ತಪ್ಪೋ ಎಂದು ನಾಳೆ ಪರೀಕ್ಷಿಸಲು ಬರುವವರಿಗೆ ಬಂಡೆ ಇರುವಲ್ಲೇ ಇರಬೇಕಲ್ಲ.

ತಿದ್ದುಪಡಿ ಕಳಿಸಿದ್ದೆ, ಒಳಪುಟದಲ್ಲಿ ಎರಡು ಸಾಲು ಬಂತು. ಮೇಷ್ಟ್ರು ಅದನ್ನೂ ಓದಿ ಫೋನ್ ಮಾಡಿದರು. ಬರುವ ಭಾನುವಾರ ನನ್ನ ಬೈಕಿನಲ್ಲಿ ಇಬ್ಬರೂ ತಾಳ್ಯಕ್ಕೆ ಹೊರಟಿದ್ದೇವೆ. ಸುತ್ತಿಗೆ ತರಬೇಡಿ ಅಂದಿದ್ದಾರೆ.