ಕೋಲಿನ ಮೇಲಿನ ಅಕ್ಷರ

ಗಾಲ್ಫ್ ಅಂದ ಕೂಡಲೇ "ದೊಡ್ಡೋರ ಆಟ, ನಮಗ್ಯಾಕೆ" ಅಂತ ಟ್ಯಾಬ್ ಮುಚ್ಚಬೇಡಿ ಮಾರಾಯ್ರೇ, ಸ್ವಲ್ಪ ತಾಳಿ. ಐಟಿ ಮಂದಿಯಲ್ಲಿ ಈ ಚಟ ಹತ್ತಿಸಿಕೊಂಡವರು ಕಡಿಮೆಯೇನಿಲ್ಲ. ನಾನೂ ಅವರಲ್ಲೊಬ್ಬ. ಮೆಂಬರ್‌ಗಿಂಬರ್ ಅಲ್ಲ, ಶನಿವಾರ ಬೆಳಿಗ್ಗೆ ಡ್ರೈವಿಂಗ್ ರೇಂಜಿಗೆ ಹೋಗಿ ಒಂದು ಬುಟ್ಟಿ ಚೆಂಡು ಹೊಡೆದು ಬರುವವರ ಪೈಕಿ. ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದವರು, 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಹಾಗಾಗಿ ದೊಡ್ಡೋರು ಚಿಕ್ಕೋರು ಮಾತು ಅಲ್ಲಿಗೆ ಬಿಡೋಣ.

ನನ್ನ ತಕರಾರು ಇರುವುದು ಕೋಲಿನ ಮೇಲೆ ಅಚ್ಚು ಹಾಕಿರುವ ಒಂದಕ್ಷರದ ಬಗ್ಗೆ. ಕ್ಲಬ್ಬಿನ ತಲೆಗೂ ಹಿಡಿಗೂ ನಡುವಿನ ಕೋಲಿಗೆ ಶಾಫ್ಟ್ ಅಂತಾರೆ, ಅದು ಎಷ್ಟು ಬಾಗುತ್ತದೆ ಅನ್ನುವುದಕ್ಕೆ ಫ್ಲೆಕ್ಸ್. ಮೆದುವಿನಿಂದ ಗಟ್ಟಿಗೆ ಸಾಲಾಗಿ ಎಲ್, ಎ, ಆರ್, ಎಸ್, ಎಕ್ಸ್. ಎಲ್ ಅಂದರೆ ಲೇಡೀಸ್, ಎ ಅಂದರೆ ಸೀನಿಯರ್, ಆಮೇಲೆ ರೆಗ್ಯುಲರ್, ಸ್ಟಿಫ್, ಎಕ್ಸ್‌ಟ್ರಾ ಸ್ಟಿಫ್. ಗಮನಿಸಿದಿರಾ? ಮೊದಲೆರಡು ಮನುಷ್ಯರ ಹೆಸರು, ಉಳಿದವು ಕೋಲಿನ ಗುಣ! ಅದಕ್ಕೂ ಮೇಲೆ, ಈ ಅಕ್ಷರಗಳಿಗೆ ಯಾವ ಸಾಮಾನ್ಯ ಅಳತೆಯೂ ಇಲ್ಲ. ಒಂದು ಕಂಪನಿಯ ಆರ್ ಇನ್ನೊಂದರ ಎಸ್‌ನಷ್ಟೇ ಗಟ್ಟಿ ಇರಬಹುದು.

ನಮ್ಮ ಟೀಮಿನ ಒಬ್ಬಾಕೆಯ ಕತೆ ಕೇಳಿ. ಕಾಲೇಜಿನಲ್ಲಿ ಬ್ಯಾಡ್ಮಿಂಟನ್ ಆಡಿದ ಕೈ. ಅಂಗಡಿಯಲ್ಲಿ ಯಾರೂ ಸ್ವಿಂಗ್ ನೋಡಲಿಲ್ಲ, ಮುಖ ನೋಡಿ ಎಲ್ ಕೊಟ್ಟು ಕಳಿಸಿದರು. ಚೆಂಡು ಆಕಾಶಕ್ಕೇರಿ ಎಡಕ್ಕೆ ಹೊರಳುತ್ತಿತ್ತು. ಒಂದು ತಿಂಗಳಲ್ಲಿ "ನನ್ನ ಕೈಲಾಗಲ್ಲ ಬಿಡು" ಅಂತ ಸೆಟ್ಟನ್ನೇ ಮಾರಲು ಹೊರಟಿದ್ದಳು. ಆಮೇಲೆ ಸಿಮ್ಯುಲೇಟರಿನಲ್ಲಿ ಅಳೆದರೆ ಡ್ರೈವರಿನ ವೇಗ ಗಂಟೆಗೆ 91 ಮೈಲಿ. ನನ್ನದಕ್ಕಿಂತ ಜಾಸ್ತಿ! ಸಾಮಾನ್ಯ ಲೆಕ್ಕದಲ್ಲಿ 75 ಮೈಲಿಯ ಕೆಳಗಿದ್ದರೆ ಎಲ್, 85ರವರೆಗೆ ಎ, 95ರವರೆಗೆ ಆರ್, 105ರವರೆಗೆ ಎಸ್. ಅಂದರೆ ಆಕೆಗೆ ಬೇಕಿದ್ದದ್ದು ಆರ್. ಹಳೆಯದೊಂದು ಶಾಫ್ಟ್ ಹಾಕಿಸಿಕೊಂಡಳು. ಪವಾಡವೇನೂ ಆಗಲಿಲ್ಲ, ಆದರೆ ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ಈಗ ಮೊದಲೇ ಗೊತ್ತಿರುತ್ತದೆ. ಸೆಟ್ ಮಾರುವ ಮಾತಿಲ್ಲ.

ಇದಕ್ಕೆ ಉಲ್ಟಾ ಕೇಸು ಗಂಡಸರದ್ದು. 80 ಮೈಲಿ ವೇಗದವರೂ "ಸ್ಟಿಫ್ ಕೊಡಿ" ಅಂತಾರೆ, ರೆಗ್ಯುಲರ್ ಅಂದರೆ ಮರ್ಯಾದೆ ಹೋದಂತೆ. ಚೆಂಡು ತಗ್ಗಾಗಿ ಬಲಕ್ಕೆ ಜಾರುತ್ತದೆ, ಇವರು ಇನ್ನೂ ಜೋರಾಗಿ ಬೀಸುತ್ತಾರೆ, ಮೊಣಕೈ ಅಳುತ್ತದೆ. ನಿವೃತ್ತರಾದ ಮೇಲೆ ಆಡೋಣ ಅಂತ ಬಂದ ಹಿರಿಯರಿಗೆ ಸೀನಿಯರ್ ಅಂತ ಬರೆದ ಕೋಲು ಕೊಟ್ಟರೆ ಎಷ್ಟು ಜನ ಖುಷಿಯಾಗಿ ತಗೋತಾರೆ ಹೇಳಿ!

ಬಾಗುವಿಕೆ ಏನು ಮಾಡುತ್ತದೆ ಅನ್ನುವುದೂ ತಪ್ಪು ತಿಳಿವಳಿಕೆಯೇ. ಮೆದು ಕೋಲು ಚಾಟಿಯ ಹಾಗೆ ಬೀಸಿ ದೂರ ಕಳಿಸುತ್ತೆ ಅಂತ ಎಲ್ಲರ ನಂಬಿಕೆ. ನಿಜ ಹೇಳಬೇಕೆಂದರೆ ಫ್ಲೆಕ್ಸ್ ಬದಲಿಸಿದರೆ ವೇಗ ಹೆಚ್ಚೇನೂ ಬದಲಾಗುವುದಿಲ್ಲ. ಚೆಂಡು ಮತ್ತು ಕ್ಲಬ್ ತಾಗಿಕೊಂಡಿರುವುದು ಅರ್ಧ ಮಿಲಿಸೆಕೆಂಡಿನಷ್ಟೇ, ಅಷ್ಟರಲ್ಲಿ ಕೋಲಿಗೆ ತಳ್ಳಲು ಪುರಸೊತ್ತೇ ಇಲ್ಲ. ಅದರ ಕೆಲಸವೆಲ್ಲ ಅದಕ್ಕೆ ಮೊದಲೇ ಮುಗಿದಿರುತ್ತದೆ: ತಲೆಯ ಭಾರ ಕೋಲಿನ ಗೆರೆಯ ಮೇಲಿಲ್ಲದ ಕಾರಣ ಕೆಳಗೆ ಬರುವಾಗ ತುದಿ ಮುಂದಕ್ಕೆ ಬಾಗಿ ಮುಖದ ಕೋನ ಬದಲಿಸುತ್ತದೆ. ಎತ್ತರ, ದಿಕ್ಕು ಅಲ್ಲಿ ನಿರ್ಧಾರವಾಗುತ್ತದೆ. ಅದಕ್ಕೇ ಬರೀ ವೇಗದ ಪಟ್ಟಿಯೂ ಸಾಲದು. ಅದೇ 90 ಮೈಲಿಯನ್ನು ಒಬ್ಬ ಮೇಲಿಂದಲೇ ಎಳೆದು ಹೊಡೀತಾನೆ, ಇನ್ನೊಬ್ಬ ನಿಧಾನಕ್ಕೆ ಬೀಸ್ತಾನೆ. ಮೊದಲನೆಯವನಿಗೆ ಕೊಂಚ ಗಟ್ಟಿಯದೇ ಒಗ್ಗುತ್ತದೆ.

ನಮ್ಮ ದಕ್ಷಿಣ ಕನ್ನಡದ ಕಡೆ ಅಡಿಕೆ ಕೊಯ್ಯಲು ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ಗ್ರಾಫೈಟ್ ಶಾಫ್ಟೂ ಅದೇ ಕಾರ್ಬನ್ ಎಳೆಯದ್ದೇ. ದೋಟಿ ಕೊಳ್ಳುವವರು ಏನು ಕೇಳ್ತಾರೆ? ಎಷ್ಟು ಅಡಿ, ಎಷ್ಟು ಭಾರ, ಎತ್ತಿ ಹಿಡಿದರೆ ಎಷ್ಟು ಬಾಗುತ್ತೆ. "ಹೆಂಗಸರ ದೋಟಿ", "ಮುದುಕರ ದೋಟಿ" ಅಂತ ಯಾರೂ ಅಚ್ಚು ಹಾಕಿಲ್ಲ ;) ಹಿಕರಿ ಮರದ ಕೋಲುಗಳ ಕಾಲದಲ್ಲಿ ಗಾಲ್ಫಿನವರೂ ಒಂದೊಂದನ್ನೇ ಕೈಯಲ್ಲಿ ಬಾಗಿಸಿ ನೋಡಿಯೇ ಆರಿಸುತ್ತಿದ್ದದ್ದು. ಅಮೆರಿಕದಲ್ಲಿ 1924ರಲ್ಲಿ, ಬ್ರಿಟನ್ನಿನಲ್ಲಿ 1929ರಲ್ಲಿ ಉಕ್ಕಿನ ಶಾಫ್ಟಿಗೆ ಒಪ್ಪಿಗೆ ಸಿಕ್ಕಿತು. ಆದರೂ ಬಾಬಿ ಜೋನ್ಸ್ 1930ರಲ್ಲಿ ಒಂದೇ ವರ್ಷ ನಾಲ್ಕು ದೊಡ್ಡ ಪಂದ್ಯ ಗೆದ್ದದ್ದು ಮರದ ಕೋಲಿನಲ್ಲೇ.

ಅಳೆಯುವುದು ಕಷ್ಟವೂ ಅಲ್ಲ. ಹಿಡಿಯ ಕಡೆ ಬಿಗಿದು ತುದಿ ಮೀಟಿದರೆ ನಿಮಿಷಕ್ಕೆ ಎಷ್ಟು ಸಲ ಅಲುಗುತ್ತೆ ಅಂತ ಎಣಿಸುವ ಯಂತ್ರ ಎಷ್ಟೋ ವರ್ಷಗಳಿಂದ ಇದೆ. ಆ ಸಂಖ್ಯೆಯನ್ನೂ ಗ್ರಾಂ ಲೆಕ್ಕದ ತೂಕವನ್ನೂ ಕೋಲಿನ ಮೇಲೆ ಬರೆಯಲು ಏನು ಧಾಡಿ? ತೂಕವಂತೂ, ನನ್ನ ಕೇಳಿದರೆ, ಫ್ಲೆಕ್ಸಿಗಿಂತ ಮೊದಲು ನೋಡಬೇಕಾದದ್ದು. ಐರನ್ ಕ್ಲಬ್ಬಿನ ಉಕ್ಕಿನ ಶಾಫ್ಟ್ 130 ಗ್ರಾಂವರೆಗೂ ಇರುತ್ತದೆ, ಗ್ರಾಫೈಟ್‌ನಲ್ಲಿ ಅದರ ಅರ್ಧಕ್ಕೂ ಸಿಗುತ್ತದೆ. ಹದಿನೆಂಟು ಹೋಲ್ ಮುಗಿಯುವಷ್ಟರಲ್ಲಿ ಭುಜಕ್ಕೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು, ನಮ್ಮಂಥವರು ಬಹುತೇಕ ಕೊಳ್ಳುವುದು ಅದನ್ನೇ, ಟೇಪ್ ತಗೊಂಡು ಹೋಗಿ. ಹಿಂದಿನ ಮಾಲೀಕ ಒಂದಿಂಚು ಕತ್ತರಿಸಿರಬಹುದು. ಬಾಗುವಿಕೆ ಉದ್ದದ ಘನಕ್ಕೆ ತಕ್ಕಂತೆ ಬದಲಾಗುತ್ತದೆ (ಮೆಕ್ಯಾನಿಕಲ್ ಓದಿ ಕೋಡ್ ಬರೆಯುವವನಿಗೆ ನೆನಪಿರುವ ಒಂದೇ ಸೂತ್ರ). 45 ಇಂಚಿನ ಡ್ರೈವರಿನಲ್ಲಿ ಒಂದಿಂಚು ಹೋದರೆ ಸುಮಾರು 7 ಪರ್ಸೆಂಟ್ ಗಟ್ಟಿಯಾಯಿತು. ಮೇಲೆ ಮಾತ್ರ ಇನ್ನೂ ಆರ್ ಅಂತಲೇ ಬರೆದಿರುತ್ತದೆ. ಒಂದಿಪ್ಪತ್ತು ಚೆಂಡು ಹೊಡೆಯಲು ಬಿಟ್ಟರೆ ಮಾತ್ರ ದುಡ್ಡು ಕೊಡಿ. ಆ ಅಕ್ಷರ ಮಾಸಿ ಹೋಗಿದ್ದರಂತೂ ಇನ್ನೂ ಒಳ್ಳೆಯದು :)