ಸೈನ್ ಮಾಡಿದ ಮೇಲೆ ಮುಗೀತಾ?

‘ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು’ ಅನ್ನೋದು ನಮ್ಮ ಗಾದೆ. ಆಡಿದ ಮಾತಿಗೇ ಅಷ್ಟು ಹೆದರುವ ನಾವು, ಛಾಪಾ ಕಾಗದದ ಮೇಲೆ ಸಹಿ ಬಿದ್ದರೆ ಕೇಳಬೇಕೆ? ಅದು ಹಣೆಬರಹವೇ ಸರಿ! ಸಾಫ್ಟ್‌ವೇರ್ ಕಂಪನಿಗೆ ಸೇರುವ ದಿನ ಎಚ್‌ಆರ್‌ನವರು ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಟ್ಟ ಜಾಗದಲ್ಲೆಲ್ಲ ಸಹಿ ಹಾಕಿ, ಐಡಿ ಕಾರ್ಡ್ ಕುತ್ತಿಗೆಗೆ ಹಾಕಿಕೊಂಡು ಹೊರಗೆ ಬರುತ್ತೇವೆ. ಮುಂದೆ ಯಾವತ್ತಾದರೂ ಜಗಳ ಬಂದರೆ ‘ನೀವೇ ಸೈನ್ ಮಾಡಿದ್ದೀರಲ್ಲ’ ಅನ್ನೋ ಒಂದೇ ಮಾತಿಗೆ ಬಾಯಿ ಮುಚ್ಚಿಕೊಳ್ಳುತ್ತೇವೆ.

ಆದರೆ ನಮ್ಮ ಕಾನೂನು ಸಹಿಗೆ ಅಷ್ಟೊಂದು ಬೆಲೆ ಕೊಟ್ಟೇ ಇಲ್ಲ. ಇದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ ಅನ್ನೋದೇ ನನ್ನ ತಕರಾರು.

1872ರ ಭಾರತೀಯ ಕರಾರು ಕಾಯ್ದೆಯ 10ನೇ ಸೆಕ್ಷನ್ ಓದಿ ನೋಡಿ. ಎಲ್ಲ ಒಪ್ಪಂದಗಳೂ ಕರಾರು ಅನ್ನಿಸಿಕೊಳ್ಳುವುದಿಲ್ಲ. ಬಲವಂತವಿಲ್ಲದ ಒಪ್ಪಿಗೆ ಇರಬೇಕು, ಪ್ರತಿಫಲ ಇರಬೇಕು. ಜೊತೆಗೆ ಇನ್ನೆರಡು ಪ್ರಶ್ನೆಗಳಿಗೆ ಉತ್ತರ ಬೇಕು. ಸಹಿ ಹಾಕಿದವರು ಯಾರು? ಯಾತಕ್ಕಾಗಿ ಹಾಕಿದರು? ಮೊದಲನೆಯದು ಸಾಮರ್ಥ್ಯದ ಪ್ರಶ್ನೆ, ಎರಡನೆಯದು ಕಾನೂನುಬದ್ಧತೆಯ ಪ್ರಶ್ನೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಲಾಗಿನ್ ಆದವನು ಸರಿಯಾದ ಯೂಸರ್ರಾ, ಅವನು ಮಾಡಲು ಹೊರಟಿರೋ ಕೆಲಸಕ್ಕೆ ಪರ್ಮಿಷನ್ ಇದೆಯಾ ಅಂತ. ಎರಡರಲ್ಲಿ ಒಂದು ಫೇಲ್ ಆದರೂ ಕೋರ್ಟು ಮುಂದಕ್ಕೆ ಬಿಡುವುದಿಲ್ಲ.

ಮೊದಲ ಪ್ರಶ್ನೆಗೆ ಒಂದು ಪ್ರಸಿದ್ಧ ಕೇಸಿದೆ, ಲಾ ಓದಿದವರಿಗೆಲ್ಲ ಬಾಯಿಪಾಠ. 1895ರಲ್ಲಿ ಕಲ್ಕತ್ತಾದ ಧರ್ಮದಾಸ್ ಘೋಷ್ ಎಂಬ ಹುಡುಗ ತನ್ನ ಮನೆಗಳನ್ನು ಬ್ರಹ್ಮೋ ದತ್ತ ಎಂಬ ಸಾಹುಕಾರನಿಗೆ 20,000 ರೂಪಾಯಿ ಸಾಲಕ್ಕೆ ಅಡವಿಟ್ಟ. ತಾನು ವಯಸ್ಕ ಅಂತ ಬರೆದೂ ಕೊಟ್ಟ. ಅವನು ಮೈನರ್ ಅನ್ನೋ ವಿಷಯವನ್ನು ಅವನ ತಾಯಿಯ ಕಡೆಯವರು ಸಾಹುಕಾರನ ವಕೀಲನಿಗೆ ಮೊದಲೇ ತಿಳಿಸಿದ್ದರು. ಕೇಸು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಅಷ್ಟರಲ್ಲಿ ಸಾಹುಕಾರ ತೀರಿಕೊಂಡು ಅವನ ಹೆಂಡತಿ ಮೋಹರಿ ಬೀಬಿ ಕೇಸು ಮುಂದುವರಿಸಿದ್ದಳು. 1903ರಲ್ಲಿ ತೀರ್ಪು ಬಂತು: ಮೈನರ್ ಮಾಡಿದ ಒಪ್ಪಂದ ಮೊದಲಿನಿಂದಲೇ ಅನೂರ್ಜಿತ, ಅಂದರೆ ವಾಯ್ಡ್. ಕೊಟ್ಟ ಹಣವನ್ನಾದರೂ ವಾಪಸ್ ಕೊಡಿಸಿ ಅಂದರೆ ಅದೂ ಆಗಲಿಲ್ಲ. ವಾಯ್ಡ್ ಫಂಕ್ಷನ್ ಏನನ್ನೂ ರಿಟರ್ನ್ ಮಾಡಲ್ಲ ಅಂತ ನಾವು ಸಿ ಕ್ಲಾಸಿನಲ್ಲಿ ಕಲಿತದ್ದನ್ನು ಪ್ರಿವಿ ಕೌನ್ಸಿಲ್ ಆಗಲೇ ಹೇಳಿತ್ತು ನೋಡಿ :)

ವಯಸ್ಸಿನ ಜೊತೆ ಬುದ್ಧಿಯ ಸ್ವಾಸ್ಥ್ಯವನ್ನೂ ಕಾಯ್ದೆ ಕೇಳುತ್ತೆ. 12ನೇ ಸೆಕ್ಷನ್ ಪ್ರಕಾರ, ಕರಾರು ಮಾಡುವ ಹೊತ್ತಿನಲ್ಲಿ ಅದನ್ನು ಅರ್ಥ ಮಾಡಿಕೊಂಡು, ತನ್ನ ಒಳಿತು ಕೆಡುಕನ್ನು ತೂಗಿ ನೋಡುವ ಶಕ್ತಿ ಇರಬೇಕು. ಜ್ವರದಲ್ಲಿ ಬಡಬಡಿಸುತ್ತಿರುವವನು, ಷರತ್ತೇ ಅರ್ಥವಾಗದಷ್ಟು ಕುಡಿದವನು ಆ ಹೊತ್ತಿಗೆ ಕರಾರು ಮಾಡಲಾರ ಅಂತ ಕಾಯ್ದೆಯೇ ಉದಾಹರಣೆ ಕೊಡುತ್ತೆ. ಆದರೆ ಗಮನಿಸಿ, ಅದು ಕೇಳೋದು ಶಕ್ತಿ ಇತ್ತಾ ಅಂತ. ನಿಜವಾಗಿ ಅರ್ಥ ಮಾಡಿಕೊಂಡಿರಾ ಅಂತಲ್ಲ. ‘ನಾನು ಓದಿರಲಿಲ್ಲ ಸ್ವಾಮಿ’ ಅಂದರೆ ಕೋರ್ಟು ಸುಮ್ಮನೆ ಬಿಡುವುದಿಲ್ಲ.

ಹಾಗಾಗಿ ಹದಿನೆಂಟು ತುಂಬುವ ಹಿಂದಿನ ದಿನದವರೆಗೆ ಕೋಟೆಯೊಳಗೆ ಇದ್ದವರು ಮಾರನೇ ದಿನ ಬಯಲಿಗೆ ಬಿದ್ದ ಹಾಗೆ. ಇಪ್ಪತ್ತೆರಡನೇ ವಯಸ್ಸಿಗೆ, ಮನೆಯಲ್ಲಿ ಎಜುಕೇಶನ್ ಲೋನ್ ಇಟ್ಟುಕೊಂಡು, ಕ್ಯಾಂಪಸ್‌ನಲ್ಲಿ ಸಿಕ್ಕಿದ ಒಂದೇ ಒಂದು ಕೆಲಸಕ್ಕೆ ಸಹಿ ಹಾಕುವವನಿಗೆ ಸಾಮರ್ಥ್ಯದ ರಕ್ಷಣೆ ಇಲ್ಲ. ಅವನಿಗೆ ಉಳಿದ ದೊಡ್ಡ ಆಸರೆ ಎರಡನೇ ಪ್ರಶ್ನೆ: ಈ ಷರತ್ತನ್ನು ಹಾಕುವುದಕ್ಕೇ ಕಾನೂನು ಬಿಡುತ್ತಾ?

ಇಲ್ಲಿ 23ನೇ ಸೆಕ್ಷನ್ ಬರುತ್ತೆ. ಕಾನೂನು ನಿಷೇಧಿಸಿದ, ಮೋಸದ, ಇನ್ನೊಬ್ಬರಿಗೆ ಹಾನಿ ಮಾಡುವ, ಅನೈತಿಕವಾದ ಅಥವಾ ಸಾರ್ವಜನಿಕ ಹಿತಕ್ಕೆ ವಿರುದ್ಧವಾದ ಉದ್ದೇಶದ ಒಪ್ಪಂದಗಳು ನಿಲ್ಲುವುದಿಲ್ಲ. ಸರ್ಕಾರಿ ಕೆಲಸ ಕೊಡಿಸ್ತೀನಿ, 1,000 ರೂಪಾಯಿ ಕೊಡು ಅನ್ನೋ ಒಪ್ಪಂದ ಅನೂರ್ಜಿತ ಅಂತ ಅಲ್ಲೇ ಉದಾಹರಣೆ ಇದೆ. ನೂರೈವತ್ತು ವರ್ಷ ಕಳೆದರೂ ಬದಲಾಗಿರೋದು ರೇಟು ಮಾತ್ರ!

ನಮಗೆ ಮುಖ್ಯವಾದದ್ದು 27ನೇ ಸೆಕ್ಷನ್. ಯಾರನ್ನೇ ಆಗಲಿ ಕಾನೂನುಬದ್ಧ ವೃತ್ತಿ, ವ್ಯಾಪಾರ ಮಾಡದಂತೆ ತಡೆಯುವ ಒಪ್ಪಂದ ಅಷ್ಟರ ಮಟ್ಟಿಗೆ ಅನೂರ್ಜಿತ. ಕ್ರಿಕೆಟ್ ನೋಡುವವರಿಗೆ ಒಂದು ಉದಾಹರಣೆ. ಜಹೀರ್ ಖಾನ್ ಒಂದು ಮಾರ್ಕೆಟಿಂಗ್ ಕಂಪನಿಯ ಜೊತೆ ಮೂರು ವರ್ಷಕ್ಕೆ ಸಹಿ ಹಾಕಿದ್ದರು. ಅವಧಿ ಮುಗಿದ ಮೇಲೂ ಬೇರೆಯವರ ಆಫರ್ ಒಪ್ಪುವ ಮೊದಲು ಅದನ್ನು ನಮ್ಮ ಮುಂದಿಡಬೇಕು, ಅಷ್ಟೇ ಕೊಡಲು ನಾವು ತಯಾರಿದ್ದರೆ ನಮಗೇ ಬಿಡಬೇಕು ಅನ್ನೋ ಷರತ್ತು ಅದರಲ್ಲಿತ್ತು. 2006ರಲ್ಲಿ ಸುಪ್ರೀಂ ಕೋರ್ಟು ಆ ಷರತ್ತನ್ನು ಜಾರಿ ಮಾಡಲು ಒಪ್ಪಲಿಲ್ಲ. ಅವಧಿ ಮುಗಿದ ಮೇಲೂ ಕಟ್ಟಿಹಾಕುವ ಷರತ್ತು 27ನೇ ಸೆಕ್ಷನ್ ಮುಂದೆ ನಿಲ್ಲುವುದಿಲ್ಲ.

ಈಗ ನನ್ನ ಹಳೇ ರೂಮ್‌ಮೇಟ್ ಒಬ್ಬನ ಕಥೆ ಕೇಳಿ. ಒಂದು ಸಣ್ಣ ಕಂಪನಿಯಲ್ಲಿದ್ದ. ನೋಟಿಸ್ ಪೀರಿಯಡ್ ಪೂರ್ತಿ ಮಾಡಿಯೇ ರಾಜೀನಾಮೆ ಕೊಟ್ಟ. ಕೊನೆಯ ದಿನ ಮೇಲ್ ಬಂತು: ‘ಒಂದು ವರ್ಷ ನಮ್ಮ ಕ್ಷೇತ್ರದ ಯಾವ ಕಂಪನಿಗೂ ಸೇರುವಂತಿಲ್ಲ, ಸೇರಿದರೆ ಕಾನೂನು ಕ್ರಮ.’ ಅವನ ಅಪ್ಪನಿಗೆ ಕೋರ್ಟು ಅಂದರೇ ಭಯ. ಕೈಯಲ್ಲಿದ್ದ ಆಫರ್ ಬಿಟ್ಟು ಊರಿಗೆ ಹೋಗಿ ನಾಲ್ಕು ತಿಂಗಳು ಕೂತ. ಆ ಷರತ್ತು ಕೋರ್ಟಿನಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಅದು ಕೋರ್ಟಿಗೆ ಹೋಗುವ ಅಗತ್ಯವೇ ಬೀಳಲಿಲ್ಲ. ಮೇಲ್ ಒಂದೇ ಸಾಕಾಯಿತು.

ಹಾಗಂತ ಕಂಪನಿ ಹಾಕುವ ಷರತ್ತೆಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕೆಲಸದಲ್ಲಿರುವಾಗ ಎದುರಾಳಿಗೆ ದುಡಿಯಬಾರದು ಅನ್ನೋ ಷರತ್ತು ಊರ್ಜಿತ. ಕಂಪನಿಯ ಗುಟ್ಟು ಹೊರಗೆ ಹಾಕಬಾರದು ಅನ್ನೋದೂ ಅಷ್ಟೇ. ಬಾಂಡ್ ವಿಷಯವಂತೂ ಇನ್ನೂ ಸೂಕ್ಷ್ಮ. ನಮ್ಮ ಮಂಗಳೂರಿನಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ವಿಲೀನವಾದ ವಿಜಯಾ ಬ್ಯಾಂಕ್ ಗೊತ್ತಲ್ಲ? ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನೋ ಬಾಂಡ್ ಬರೆಸಿಕೊಂಡಿತ್ತು. 2009ರಲ್ಲಿ ಬಿಟ್ಟುಹೋದ ಅಧಿಕಾರಿಯೊಬ್ಬರು ಹಣ ಕಟ್ಟಿ, ಆಮೇಲೆ ಕೇಸು ಹಾಕಿದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಅವರು ಬೇರೆ ಕಡೆ ಕೆಲಸ ಮಾಡುವುದಕ್ಕೆ ಬಾಂಡ್ ಅಡ್ಡಿ ಮಾಡಿಲ್ಲ, ಮತ್ತೆ ನೇಮಕ ಮಾಡಲು ಸಾರ್ವಜನಿಕ ಬ್ಯಾಂಕಿಗೆ ಖರ್ಚಿದೆ, ಹಾಗಾಗಿ ಬಾಂಡ್ ಸರಿ ಅಂದಿತು.

ಈ ತೀರ್ಪು ತೋರಿಸಿ ‘ನೋಡಿ, ಬಾಂಡ್ ಅಂದರೆ ಬಾಂಡ್’ ಅನ್ನುವ ಎಚ್‌ಆರ್‌ಗಳು ಇನ್ನು ಸಿಗುತ್ತಾರೆ. ಅವರಿಗೆ 74ನೇ ಸೆಕ್ಷನ್ ತೋರಿಸಿ. ಬಾಂಡಿನಲ್ಲಿ ಬರೆದ ಮೊತ್ತ ಮೇಲಿನ ಮಿತಿ ಮಾತ್ರ, ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟು. ಬಾಯಿಗೆ ಬಂದಷ್ಟು ಸೊನ್ನೆ ಸೇರಿಸಿದರೆ ಅಷ್ಟೂ ಸಿಗುವುದಿಲ್ಲ. ‘ಬಿಟ್ಟು ಹೋದರೆ ಇಷ್ಟು ಕಟ್ಟು’ ಅನ್ನೋದು ಬೇರೆ, ‘ಬಿಟ್ಟ ಮೇಲೂ ದುಡಿಯಬೇಡ’ ಅನ್ನೋದು ಬೇರೆ. ಮೊದಲನೆಯದು ಲೆಕ್ಕಾಚಾರ. ಎರಡನೆಯದು ಅನ್ನ ಕಿತ್ತುಕೊಳ್ಳೋದು.

ನನಗೆ ಸಿಟ್ಟು ಬರೋದು ಎಲ್ಲಿ ಅಂದರೆ, ನಿಲ್ಲದ ಷರತ್ತು ಬರೆಯುವುದಕ್ಕೆ ಕಂಪನಿಗೆ ಒಂದು ಪೈಸೆ ಖರ್ಚಿಲ್ಲ. ಕರಾರು ಕಾಯ್ದೆ ಅದನ್ನು ಅನೂರ್ಜಿತ ಅನ್ನುತ್ತೆ, ಆದರೆ ಬರೆದವರಿಗೆ ದಂಡ ಹಾಕುವುದಿಲ್ಲ. ಹೆದರುವವನು ಹೆದರಲಿ, ಹೆದರದವನು ಹೋಗಲಿ ಅನ್ನೋ ಲೆಕ್ಕ. ನಮ್ಮವರು ಬಹಳಷ್ಟು ಜನ ದುಡಿಯುತ್ತಿರುವ ಕ್ಯಾಲಿಫೋರ್ನಿಯಾದಲ್ಲೂ ಇಂಥ ಷರತ್ತು ಬಹಳ ಹಿಂದಿನಿಂದ ಅನೂರ್ಜಿತವೇ. ಆದರೂ ಕಂಪನಿಗಳು ಬರೆಯುತ್ತಲೇ ಇದ್ದವು. ಅದಕ್ಕೆ 2024ರಿಂದ ಅಲ್ಲಿ ಹೊಸ ನಿಯಮ ಬಂತು. ಹಾಗೆ ಬರೆಯುವುದೇ ತಪ್ಪು. ಹಿಂದೆ ಬರೆಸಿಕೊಂಡಿದ್ದ ಉದ್ಯೋಗಿಗಳಿಗೆ ಆ ವರ್ಷ ಫೆಬ್ರವರಿ 14ರೊಳಗೆ ‘ಇದು ನಿಮಗೆ ಅನ್ವಯಿಸುವುದಿಲ್ಲ’ ಅಂತ ಪತ್ರ ಬರೆಯಬೇಕು ಅಂತಲೂ ಕಟ್ಟಳೆ ಮಾಡಿದರು. ನಮಗೂ ಅಂಥದ್ದೇ ಒಂದು ತಿದ್ದುಪಡಿ ಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ. 27ನೇ ಸೆಕ್ಷನ್‌ಗೆ ಹಲ್ಲಿದೆ, ಆದರೆ ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಮಾತ್ರ ಅದು ಕಾಣುತ್ತೆ.

ಅದು ಬರುವ ತನಕ ನಾವು ಮಾಡಬಹುದಾದದ್ದು ಇಷ್ಟೇ. ಸಹಿ ಹಾಕುವ ಮೊದಲು ಓದೋಣ. ಹಾಕಿದ ಮೇಲೂ ಪ್ರಶ್ನೆ ಕೇಳೋಣ. ಊರಿಂದ ಹೊಸದಾಗಿ ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರುತ್ತಿರುವ ತಮ್ಮ ತಂಗಿಯರಿಗೆ 23, 27, 74 ಅನ್ನೋ ಈ ಮೂರು ನಂಬರ್ ಹೇಳಿಕೊಡೋಣ. ನಿಮ್ಮಲ್ಲಿ ಯಾರಿಗಾದರೂ ಇಂಥ ಮೇಲ್ ಬಂದಿತ್ತಾ? ಬಂದಾಗ ಏನು ಮಾಡಿದಿರಿ? ಕಂಪನಿ ಹೆಸರು ಬೇಡ, ಷರತ್ತು ಹೇಗಿತ್ತು ಅಂತ ಬರೆಯಿರಿ. ಇನ್ನೊಬ್ಬರಿಗೆ ಅದರಿಂದ ಧೈರ್ಯ ಬಂದರೂ ಬರಬಹುದು.