ತಾಮ್ರದ ಲೆಕ್ಕದಲ್ಲಿ ಹುಟ್ಟಿದ ದೀಪ

ಥಾಮಸ್ ಆಲ್ವಾ ಎಡಿಸನ್ ಎಂದೊಡನೆ ನಮಗೆ ನೆನಪಾಗುವುದು ಒಂದು ಗಾಜಿನ ಬುರುಡೆ. ಶಾಲೆಯಲ್ಲಿ ದಡ್ಡನೆನಿಸಿಕೊಂಡ ಹುಡುಗ, ಸಾವಿರ ಸಲ ಸೋತರೂ ಛಲ ಬಿಡದೆ ಕೊನೆಗೊಂದು ರಾತ್ರಿ ದೀಪ ಹೊತ್ತಿಸಿದನೆಂಬ ಕಥೆಯನ್ನು ನಾವು ಪಾಠವಾಗಿ ಓದಿದೆವು. ಈಗ ಮಕ್ಕಳಿಗೆ ಉಪದೇಶವಾಗಿ ಹೇಳುತ್ತಿದ್ದೇವೆ. ಛಲದ ಮಾತು ಸುಳ್ಳಲ್ಲ. ಆದರೆ ಈ ಕಥೆಯಲ್ಲಿ ಎಡಿಸನ್ ಮಾಡಿದ ನಿಜವಾದ ಕೆಲಸವೇ ಬಿಟ್ಟುಹೋಗಿದೆ.

ವಿದ್ಯುತ್ತಿನಿಂದ ಬೆಳಕು ಪಡೆಯಬಹುದೆಂಬುದು ಅವನಿಗಿಂತ ಬಹು ಹಿಂದೆಯೇ ತಿಳಿದಿದ್ದ ಸಂಗತಿ. ಇಂಗ್ಲೆಂಡಿನಲ್ಲಿ ಹಂಫ್ರಿ ಡೇವಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ ಅದನ್ನು ತೋರಿಸಿದ್ದ. ಎಡಿಸನ್ನನ ದೀಪ ಉರಿಯುವ ಹೊತ್ತಿಗೆ ಅದೇ ದೇಶದ ಜೋಸೆಫ್ ಸ್ವಾನ್ ಗಾಜಿನ ಬುರುಡೆಯೊಳಗೆ ಇಂಗಾಲದ ಕಡ್ಡಿಯನ್ನು ಬೆಳಗಿಸಿ ಸಭಿಕರನ್ನು ಬೆರಗುಗೊಳಿಸಿದ್ದ. ಹಾಗಿದ್ದೂ ಉಳಿದದ್ದು ಎಡಿಸನ್ನನ ಹೆಸರೇ ಏಕೆ?

ಉತ್ತರ ತಾಮ್ರದ ಬೆಲೆಯಲ್ಲಿದೆ. ಉಳಿದವರು ದೀಪದಿಂದ ಹೊರಟರು. ಎಡಿಸನ್ ಊರಿನಿಂದ ಹೊರಟ. ನ್ಯೂಯಾರ್ಕಿನ ಒಂದು ಬಡಾವಣೆಯಲ್ಲಿ ಅನಿಲದೀಪಕ್ಕೆ ಜನ ಎಷ್ಟು ಹಣ ತೆರುತ್ತಾರೆ, ಅದಕ್ಕಿಂತ ಅಗ್ಗವಾಗಿ ವಿದ್ಯುತ್ ಒದಗಿಸಬೇಕಾದರೆ ತಂತಿಗೆ ಎಷ್ಟು ತಾಮ್ರ ಬೇಕು ಎಂಬ ಲೆಕ್ಕ ಮೊದಲು ನಡೆಯಿತು. ಲೆಕ್ಕ ಮಾಡಲು ಫ್ರಾನ್ಸಿಸ್ ಆಪ್ಟನ್ ಎಂಬ ಗಣಿತಜ್ಞನಿದ್ದ. ದಪ್ಪ ಕಡ್ಡಿಯ ದೀಪಕ್ಕೆ ಭಾರಿ ಪ್ರವಾಹ ಬೇಕು, ಭಾರಿ ಪ್ರವಾಹಕ್ಕೆ ದಪ್ಪ ತಂತಿ ಬೇಕು. ಆ ತಾಮ್ರವನ್ನು ಕೊಳ್ಳುವಷ್ಟರಲ್ಲಿ ಕಂಪನಿ ದಿವಾಳಿಯಾಗುತ್ತದೆ. ಹೆಚ್ಚು ರೋಧವುಳ್ಳ ತೆಳ್ಳನೆಯ ತಂತುವಾದರೆ ಅಲ್ಪ ಪ್ರವಾಹವೇ ಸಾಕು, ತೆಳು ತಂತಿಯೂ ಸಾಕು. ನಮ್ಮ ಬಾಲ್ಯದ ಬಲ್ಬುಗಳಲ್ಲಿ ನಾವು ಕಂಡ ಆ ಕೂದಲೆಳೆಯಂಥ ತಂತುವಿನ ಹಿಂದೆ ಇದ್ದದ್ದು ಈ ವ್ಯಾಪಾರಿ ಲೆಕ್ಕ. 1879ರ ಅಕ್ಟೋಬರಿನಲ್ಲಿ ಕರಿದಾಗುವಂತೆ ಸುಟ್ಟ ಹತ್ತಿಯ ನೂಲೊಂದು ನಿರ್ವಾತ ಬುರುಡೆಯಲ್ಲಿ ಹದಿಮೂರು ಗಂಟೆಗೂ ಮಿಕ್ಕಿ ಉರಿಯಿತು. ಮುಂದೆ ಜಪಾನಿನ ಬಿದಿರಿನ ಸೀಳು ನೂರಾರು ಗಂಟೆ ಬಾಳಿತು.

ಇದು ಒಬ್ಬನೇ ಕುಳಿತು ಮಾಡಿದ ತಪಸ್ಸಲ್ಲ. 1876ರಲ್ಲಿ ನ್ಯೂಜೆರ್ಸಿಯ ಮೆನ್ಲೊ ಪಾರ್ಕಿನಲ್ಲಿ ಎಡಿಸನ್ ಕಟ್ಟಿದ ಪ್ರಯೋಗಶಾಲೆಯಲ್ಲಿ ಗಾಜು ಊದುವವನಿದ್ದ, ಯಂತ್ರ ಕಡೆಯುವವನಿದ್ದ, ಕೈಚಳಕಕ್ಕೆ ಹೆಸರಾದ ಚಾರ್ಲ್ಸ್ ಬ್ಯಾಚಲರ್ ಇದ್ದ. 1877ರಲ್ಲಿ ಎಡಿಸನ್ ಒಂದು ನಕ್ಷೆ ಗೀಚಿ ಜಾನ್ ಕ್ರೂಸಿಯ ಕೈಗಿತ್ತ. ಕ್ರೂಸಿ ಮಾಡಿಕೊಟ್ಟ ಯಂತ್ರ ಮನುಷ್ಯನ ಮಾತನ್ನು ತವರದ ಹಾಳೆಯ ಮೇಲೆ ಹಿಡಿದಿಟ್ಟು ಮರಳಿ ನುಡಿಯಿತು. ಅದೇ ಫೋನೋಗ್ರಾಫ್. ಕಿವಿ ಮಂದವಾಗಿದ್ದ ಮನುಷ್ಯನೊಬ್ಬ ದನಿಯನ್ನು ಸೆರೆಹಿಡಿದನೆಂಬುದು ವಿಧಿಯ ವಿನೋದವೇ ಸರಿ.

1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ವಿದ್ಯುದಾಗಾರ ಸುಮಾರು 400 ದೀಪಗಳೊಂದಿಗೆ ಕೆಲಸ ಆರಂಭಿಸಿತು. ಅಷ್ಟರೊಳಗೆ ನೆಲ ಅಗೆದು ಹೂಳುವ ತಂತಿ, ಫ್ಯೂಸು, ಹೋಲ್ಡರು, ಸ್ವಿಚ್ಚು ಎಲ್ಲವನ್ನೂ ಹೊಸದಾಗಿ ರೂಪಿಸಿಕೊಳ್ಳಬೇಕಾಗಿತ್ತು. ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಅವನ ಮೀಟರು. ಗಾಜಿನ ಜಾಡಿಯಲ್ಲಿ ಸತುವಿನ ಲವಣದ ದ್ರಾವಣ, ಅದರಲ್ಲಿ ಮುಳುಗಿಸಿದ ಸತುವಿನ ತಗಡುಗಳು. ವಿದ್ಯುತ್ ಹರಿದಷ್ಟೂ ಒಂದು ತಗಡು ಕರಗಿ ಇನ್ನೊಂದರ ತೂಕ ಏರುತ್ತಿತ್ತು. ಕಂಪನಿಯವರು ತಗಡನ್ನು ತೂಗಿ ಬಿಲ್ಲು ಬರೆಯುತ್ತಿದ್ದರು. ಬೆಳಕನ್ನು ತಕ್ಕಡಿಯಲ್ಲಿ ತೂಗಿ ಮಾರಿದ ವ್ಯಾಪಾರವದು! ಇಂದು ಎಲ್‌ಇಡಿ ಬಂದು ಆ ತಂತುವಿನ ಬಲ್ಬು ಮನೆಗಳಿಂದ ಬಹುಪಾಲು ಮರೆಯಾಗಿದೆ. ಮೀಟರು, ಸ್ವಿಚ್ಚು, ತಿಂಗಳ ಬಿಲ್ಲು ಮಾತ್ರ ಕದಲಿಲ್ಲ.

ತನ್ನ ಸೃಷ್ಟಿಗಳಿಂದ ಜಗತ್ತಿಗೆ ಏನಾಗಲಿದೆ ಎಂಬುದನ್ನು ಎಡಿಸನ್ ಸರಿಯಾಗಿ ಊಹಿಸಿದ್ದನೆಂದೂ ಹೇಳಲಾಗದು. ಫೋನೋಗ್ರಾಫಿನ ಉಪಯೋಗಗಳನ್ನು 1878ರಲ್ಲಿ ಪಟ್ಟಿ ಮಾಡಿದಾಗ ಅವನು ಮೊದಲು ಬರೆದದ್ದು ಕಚೇರಿಯ ಪತ್ರಗಳ ಉಕ್ತಲೇಖನವನ್ನು. ಸಂಗೀತದ ಸರದಿ ಆಮೇಲೆ. ಜನ ಸಂಗೀತವನ್ನೇ ಆರಿಸಿಕೊಂಡರು. ಡಿಕ್ಸನ್ ಎಂಬ ಸಹಾಯಕ ರೂಪಿಸಿಕೊಟ್ಟ ಚಲನಚಿತ್ರ ಯಂತ್ರಕ್ಕೆ ಒಬ್ಬೊಬ್ಬರೇ ಕಿಂಡಿಯಲ್ಲಿ ಕಣ್ಣಿಟ್ಟು ನೋಡಬೇಕಿತ್ತು. 1895ರಲ್ಲಿ ಪ್ಯಾರಿಸಿನಲ್ಲಿ ಪರದೆಯ ಮೇಲೆ ಎಲ್ಲರಿಗೂ ಒಟ್ಟಿಗೆ ತೋರಿಸಿ ಹೆಸರಾದವರು ಲುಮಿಯೇರ್ ಸಹೋದರರು.

ವಿದ್ಯುತ್ತಿನಲ್ಲಂತೂ ಅವನ ಹಟ ಅವನನ್ನೇ ಸೋಲಿಸಿತು. ಅವನು ನೆಚ್ಚಿದ ನೇರ ವಿದ್ಯುತ್ ಒಂದು ಮೈಲಿ ದಾಟುವಷ್ಟರಲ್ಲಿ ಸೊರಗುತ್ತಿತ್ತು. ವೆಸ್ಟಿಂಗ್‌ಹೌಸ್ ಮತ್ತು ಟೆಸ್ಲಾ ಮುಂದೊಡ್ಡಿದ ಪರ್ಯಾಯ ವಿದ್ಯುತ್ತು ಪ್ರಾಣಾಂತಕವೆಂದು ಅವನು ಜನರನ್ನು ಬೆದರಿಸಿದ್ದು ಅವನ ಚರಿತ್ರೆಯ ಶೋಭೆಯಿಲ್ಲದ ಅಧ್ಯಾಯ. ನಮ್ಮ ನಾಡಿಗೆ ಬಂದದ್ದೂ ಅವನು ವಿರೋಧಿಸಿದ ಪರ್ಯಾಯ ವಿದ್ಯುತ್ತೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ಕಾವೇರಿಯ ಶಕ್ತಿ ಹರಿದದ್ದು, 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದ್ದು ಅದರಿಂದ. ಶಿವನಸಮುದ್ರಕ್ಕೆ ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಜನರಲ್ ಎಲೆಕ್ಟ್ರಿಕ್ ಕಂಪನಿ. 1892ರಲ್ಲಿ ಎಡಿಸನ್ನನ ಉದ್ಯಮ ಪ್ರತಿಸ್ಪರ್ಧಿಯೊಂದಿಗೆ ವಿಲೀನವಾಗಿ, ಅವನ ಹೆಸರನ್ನೇ ಕೈಬಿಟ್ಟು ಹುಟ್ಟಿದ ಸಂಸ್ಥೆ.

ಇದನ್ನೆಲ್ಲ ಮಕ್ಕಳಿಗೆ ಹೇಳಿದರೆ ಎಡಿಸನ್ ಕುಬ್ಜನಾಗುವುದಿಲ್ಲ. ಹೇಳದಿದ್ದರೆ ನಷ್ಟ ನಮಗೆ. ಮೇಧಾವಿಯೊಬ್ಬ ಹುಟ್ಟಿಬರುವುದನ್ನು ಕಾಯುತ್ತ ಕೂರುವ ಸಮಾಜ, ಗಣಿತ ಬಲ್ಲವನನ್ನೂ ಗಾಜು ಊದುವವನನ್ನೂ ಒಂದೇ ಮೇಜಿನ ಬಳಿ ಕೂರಿಸಬೇಕೆಂದು ಯೋಚಿಸುವುದಿಲ್ಲ. ಲೇತ್ ಯಂತ್ರ ಮುಟ್ಟುವುದು ತನ್ನ ಘನತೆಗೆ ಕುಂದೆಂದು ಭಾವಿಸುವ ಎಂಜಿನಿಯರಿಂಗ್ ಪದವೀಧರ ನಮ್ಮಲ್ಲಿ ಅಪರೂಪವಲ್ಲ. ಅವನಿಗೆ ನಾವು ಹೇಳಿಕೊಟ್ಟದ್ದು ಛಲದ ಕಥೆಯನ್ನು, ಕ್ರೂಸಿಯ ಕಥೆಯನ್ನಲ್ಲ.

ಎಡಿಸನ್ 1931ರ ಅಕ್ಟೋಬರ್ 18ರಂದು ತೀರಿಕೊಂಡ. ಗೌರವಾರ್ಥವಾಗಿ ಅಮೆರಿಕದ ವಿದ್ಯುತ್ತನ್ನೆಲ್ಲ ಕ್ಷಣಕಾಲ ನಿಲ್ಲಿಸಬೇಕೆಂಬ ಸಲಹೆ ಬಂತು. ಹಾಗೆ ಮಾಡಿದರೆ ಜನರ ಪ್ರಾಣಕ್ಕೇ ಅಪಾಯವೆಂದು ಕಂಡ ಅಧ್ಯಕ್ಷ ಹೂವರ್, 21ರ ರಾತ್ರಿ 10 ಗಂಟೆಗೆ ತಂತಮ್ಮ ಮನೆಯ ದೀಪವನ್ನಷ್ಟೇ ಒಂದು ನಿಮಿಷ ಆರಿಸುವಂತೆ ಜನರನ್ನು ಕೋರಿದರು. ದೀಪಗಳು ಆರಿದವು, ತಂತಿಗಳಲ್ಲಿ ವಿದ್ಯುತ್ ಹರಿಯುತ್ತಲೇ ಇತ್ತು.